ವೇಷದ ಬೇಡಿ, ಭವದ ಬೇಡಿ

ಇಟಲಿಯ ಕಲಾವಿದ ಲಿಯೊನಾರ್ಡೊ ಡ ವಿಂಚಿ ತನ್ನ ಬಾಳಿನ ಕೊನೆಯ ವರ್ಷಗಳನ್ನು ಫ್ರಾನ್ಸಿನ ದೊರೆ ಒಂದನೆಯ ಫ್ರಾನ್ಸಿಸನ ಆಶ್ರಯದಲ್ಲಿ ಕಳೆದನು. ಆಸ್ಥಾನದ ಉತ್ಸವಗಳಿಗೆ ವೇಷಭೂಷಣಗಳನ್ನು ಕಲ್ಪಿಸಿಕೊಡುವುದೂ ಅವನ ಕಾಯಕವಾಗಿತ್ತು. ಸುಮಾರು 1517–18ರಲ್ಲಿ ಅವನು ರಚಿಸಿದ ಒಂದು ರೇಖಾಚಿತ್ರ ಇಂದು ಬ್ರಿಟಿಷ್ ರಾಜಮನೆತನದ ಸಂಗ್ರಹದಲ್ಲಿದೆ. ಹರಿದ ಉಡುಪು, ಕಾಲಿಗೆ ಬೇಡಿ, ಕೈಯಲ್ಲಿ ಕೋಲು ಮತ್ತು ಬಟ್ಟಲು. ನೋಡಿದವರು ಮರುಗಬೇಕಾದ ರೂಪವದು. ಆದರೆ ಅವನು ಸೆರೆಯಾಳಲ್ಲ. ಸೆರೆಯಾಳಿನ ವೇಷ ಧರಿಸಿದವನು. ಉತ್ಸವ ಮುಗಿದೊಡನೆ ಬೇಡಿಯನ್ನು ಕಳಚಿಟ್ಟು ಮನೆಗೆ ನಡೆಯುವವನು.

ಚಾವುಂಡರಾಯನಿಗಾಗಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ರಚಿಸಿದ ಗೊಮ್ಮಟಸಾರದಲ್ಲಿ ಎಂಟು ಕರ್ಮಗಳಿಗೆ ಎಂಟು ಹೋಲಿಕೆಗಳಿವೆ. ಜೀವವನ್ನು ಒಂದು ಭವದಲ್ಲಿ ಹಿಡಿದಿಡುವ ಆಯುಕರ್ಮವು ಕಾಲಿಗೆ ತೊಡಿಸಿದ ಬೇಡಿಯಂತೆ. ದೇಹ, ಗತಿ, ರೂಪಗಳನ್ನು ಕೊಡುವ ನಾಮಕರ್ಮವು ಚಿತ್ರಕಾರನಂತೆ. ದೇವ, ಮನುಷ್ಯ, ತಿರ್ಯಂಚ, ನಾರಕ ಎಂಬ ವೇಷಗಳನ್ನು ಬರೆಯುವವನು ಅವನೇ. ಮೋಹನೀಯವಾದರೋ ಮದ್ಯದಂತೆ, ತೊಟ್ಟದ್ದು ವೇಷವೆಂಬುದನ್ನೇ ಅದು ಮರೆಸಿಬಿಡುತ್ತದೆ.

ಆಸ್ಥಾನದ ವೇಷಧಾರಿಗೂ ನಮಗೂ ಇರುವ ಅಂತರ ಇಲ್ಲಿದೆ. ಅವನು ಬಂಧಿತನಂತೆ ಕಾಣುತ್ತಾನೆ, ಆದರೆ ತಾನು ಯಾರೆಂದು ಬಲ್ಲನು. ನಾವು ಸ್ವತಂತ್ರರಂತೆ ಓಡಾಡುತ್ತೇವೆ. ಆದರೆ ರೂಪ, ಕುಲ, ಪದವಿಗಳನ್ನೇ ‘ನಾನು’ ಎಂದು ನಂಬಿದ್ದೇವೆ.

ಹರಿದ ಉಡುಪು ಮಾತ್ರ ವೇಷವಲ್ಲ, ರೇಷ್ಮೆಯೂ ವೇಷವೇ. ಕಬ್ಬಿಣದ ಸಂಕೋಲೆಯಂತೆ ಚಿನ್ನದ ಸಂಕೋಲೆಯೂ ಕಟ್ಟಿಹಾಕುತ್ತದೆಂದು ಕುಂದಕುಂದಾಚಾರ್ಯರು ಸಮಯಸಾರದಲ್ಲಿ ಎಚ್ಚರಿಸಿದ್ದಾರೆ. ಪಾಪದಂತೆ ಪುಣ್ಯವೂ ಬಂಧವೇ. ನೋಡುವವರ ಮೆಚ್ಚುಗೆಗಾಗಿ ಕೈಗೊಂಡ ಉಪವಾಸ, ಫಲಕದಲ್ಲಿ ಹೆಸರು ಕೆತ್ತಿಸಲೆಂದು ಕೊಟ್ಟ ದಾನ, ಇವು ಧಾರ್ಮಿಕನ ವೇಷಗಳು. ಇವನ್ನು ಕಳಚುವುದು ಹರಕು ಬಟ್ಟೆಯನ್ನು ಕಳಚುವುದಕ್ಕಿಂತ ಕಷ್ಟ. ಏಕೆಂದರೆ ಇವು ಚೆನ್ನಾಗಿ ಒಪ್ಪುತ್ತವೆ.

ಶ್ರವಣಬೆಳಗೊಳದ ಬಾಹುಬಲಿಯ ಕಾಲು ತೋಳುಗಳನ್ನು ಬಳ್ಳಿಗಳು ಸುತ್ತಿವೆ. ಆದರೂ ಆತನನ್ನು ಬಂಧಿತನೆಂದು ಯಾರೂ ಭಾವಿಸುವುದಿಲ್ಲ. ರಾಜವೇಷವನ್ನು ತೊರೆದ ಬಳಿಕವೂ ಅಣ್ಣ ಭರತನ ವಿಷಯದಲ್ಲಿ ಉಳಿದಿದ್ದ ಒಂದು ಸೂಕ್ಷ್ಮ ಶಲ್ಯ ಕರಗಿದಾಗಲೇ ಆತನಿಗೆ ಕೇವಲಜ್ಞಾನ ಲಭಿಸಿತೆಂದು ಪರಂಪರೆ ಹೇಳುತ್ತದೆ. ಬಂಧ ಬಳ್ಳಿಯಲ್ಲಿರಲಿಲ್ಲ, ಭಾವದಲ್ಲಿತ್ತು.

ಸಾಮಾಯಿಕಕ್ಕೆ ಕುಳಿತ 48 ನಿಮಿಷಗಳಲ್ಲಿ ಒಂದು ಪ್ರಶ್ನೆಯನ್ನು ನಮಗೆ ನಾವೇ ಕೇಳಿಕೊಳ್ಳೋಣ: ಇಂದು ನಾನು ಎಷ್ಟು ವೇಷಗಳನ್ನು ತೊಟ್ಟೆ? ಅವುಗಳಲ್ಲಿ ಯಾವುದನ್ನು ‘ನಾನು’ ಎಂದುಕೊಂಡೆ? ವೇಷವನ್ನು ವೇಷವೆಂದು ಅರಿತ ಕ್ಷಣದಿಂದಲೇ ಬೇಡಿ ಸಡಿಲಗೊಳ್ಳತೊಡಗುತ್ತದೆ.