ಎಸ್‌ಎಂಪಿಎಸ್ ಕೊಳ್ಳುವಾಗ ಕೇಬಲ್ ನೋಡಿ ಮರುಳಾಗಬೇಡಿ

ನಮ್ಮ ತಂಡದ ಕಂಪ್ಯೂಟರಿನಲ್ಲಿದ್ದ ಎರಡು ಹಾರ್ಡ್ ಡಿಸ್ಕ್‌ಗಳು ಒಂದೇ ಕ್ಷಣದಲ್ಲಿ ಸುಟ್ಟುಹೋದವು. ಸಿಡಿಲು ಬಡಿದಿರಲಿಲ್ಲ, ವೋಲ್ಟೇಜ್ ಏರಿರಲಿಲ್ಲ. ತಪ್ಪು ನಮ್ಮದೇ. ಹಳೆಯ ಎಸ್‌ಎಂಪಿಎಸ್ ಬಿಚ್ಚಿ ಹೊಸದನ್ನು ಕೂರಿಸುವಾಗ, ಡಿಸ್ಕಿಗೆ ಹೋಗುವ ಹಳೆಯ ಕೇಬಲ್ಲನ್ನೇ ಬಿಟ್ಟು ಅದರ ಇನ್ನೊಂದು ತುದಿಯನ್ನು ಹೊಸ ಡಬ್ಬಿಗೆ ಸಿಕ್ಕಿಸಿದೆವು. ಸಲೀಸಾಗಿ ಕೂತಿತು. ಸ್ವಿಚ್ ಹಾಕಿದ ತಕ್ಷಣ ಸುಟ್ಟ ವಾಸನೆ. ಊರೂರು ತಿರುಗಿ ಹಿರಿಯರಿಂದ ಹಾಡಿಸಿ, ಮಾತಾಡಿಸಿ ಮಾಡಿಕೊಂಡಿದ್ದ ಧ್ವನಿಮುದ್ರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅದರಲ್ಲೇ ಹೋದವು. ಹಾಗೆ ಹಾಡಿದವರಲ್ಲಿ ಇಬ್ಬರು ಈಗ ಬದುಕಿಲ್ಲ.

ಇದನ್ನು ಈಗ ಬರೆಯಲು ಕಾರಣವಿದೆ. ಊರಿನಲ್ಲಿ ಆನ್‌ಲೈನ್ ಅರ್ಜಿ ಹಾಕುವ ಅಂಗಡಿ ಇಡುವವರು, ಮದುವೆ ವಿಡಿಯೋ ಎಡಿಟ್ ಮಾಡುವವರು, ಯೂಟ್ಯೂಬ್ ಚಾನೆಲ್ ಶುರು ಮಾಡಿದ ಹುಡುಗರು ನಮ್ಮನ್ನು ಕೇಳುವ ಪ್ರಶ್ನೆ ಒಂದೇ: "ಮಾಡ್ಯುಲರ್ ತಗೊಳ್ಳೋದಾ, ನಾನ್ ಮಾಡ್ಯುಲರ್ ಸಾಕಾ?"

ಮೊದಲು ವ್ಯತ್ಯಾಸ ತಿಳಿಯೋಣ. ಗೋಡೆಯ ಪ್ಲಗ್ಗಿನಿಂದ ಬರುವ 230 ವೋಲ್ಟ್ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ 12, 5 ಮತ್ತು 3.3 ವೋಲ್ಟ್‌ಗೆ ಇಳಿಸಿ ಕೊಡುವ ಡಬ್ಬಿಯೇ ಎಸ್‌ಎಂಪಿಎಸ್. ನಾನ್ ಮಾಡ್ಯುಲರ್‌ನಲ್ಲಿ ಎಲ್ಲ ಕೇಬಲ್‌ಗಳೂ ಡಬ್ಬಿಯೊಳಗಿಂದಲೇ ಬೆಸುಗೆಯಾಗಿ ಬಂದಿರುತ್ತವೆ. ಮಾಡ್ಯುಲರ್‌ನಲ್ಲಿ ಕೇಬಲ್‌ಗಳು ಬೇರೆ, ಡಬ್ಬಿ ಬೇರೆ. ಬೇಕಾದಷ್ಟನ್ನು ಮಾತ್ರ ಸಿಕ್ಕಿಸಿಕೊಳ್ಳಬಹುದು. ಎರಡರ ನಡುವೆ ಸೆಮಿ ಮಾಡ್ಯುಲರ್ ಇದೆ. ಅದರಲ್ಲಿ ಮದರ್‌ಬೋರ್ಡಿನ 24 ಪಿನ್ ಕೇಬಲ್‌ನಂಥ ಎಲ್ಲರಿಗೂ ಬೇಕಾಗುವವು ಡಬ್ಬಿಗೇ ಅಂಟಿಕೊಂಡಿರುತ್ತವೆ, ಉಳಿದವು ಬಿಚ್ಚುವಂಥವು.

ಮಾಡ್ಯುಲರ್‌ನಲ್ಲಿ ಅನುಕೂಲ ಇಲ್ಲವೆಂದಲ್ಲ. ಕ್ಯಾಬಿನೆಟ್ ಒಳಗೆ ವೈರುಗಳ ಗೋಜಲು ಕಡಿಮೆ, ಧೂಳು ಒರೆಸುವುದು ಸುಲಭ. ಇಲಿ ಒಂದು ಕೇಬಲ್ ಕಡಿದರೆ ಅದೊಂದನ್ನೇ ಬದಲಿಸಬಹುದು. ಆದರೆ ಆ ಬದಲಿ ಕೇಬಲ್ ಸಿಗುವುದೆಲ್ಲಿ? ಅದೇ ಕಂಪನಿಯದ್ದು, ಅದೇ ಮಾಡೆಲ್ಲಿಗೆ ಹೊಂದುವಂಥದ್ದೇ ಬೇಕು. ತಾಲ್ಲೂಕು ಕೇಂದ್ರದ ಅಂಗಡಿಯಲ್ಲಿ ಕೇಳಿದರೆ "ಇದೂ ಅದೇ ಸಾರ್, ಹಾಕ್ಕೊಳ್ಳಿ" ಎಂದು ಯಾವುದೋ ಒಂದನ್ನು ಕೊಟ್ಟಾರು. ಅಪಾಯ ಇರುವುದೇ ಅಲ್ಲಿ.

ಕೇಬಲ್‌ನ ಒಂದು ತುದಿ, ಅಂದರೆ ಮದರ್‌ಬೋರ್ಡಿಗೋ ಡಿಸ್ಕಿಗೋ ಹೋಗುವ ತುದಿ, ಎಲ್ಲ ಕಂಪನಿಗಳಲ್ಲೂ ಒಂದೇ ತರಹ. ಇಂಟೆಲ್ 1995ರಲ್ಲಿ ಎಟಿಎಕ್ಸ್ ಎಂಬ ಅಳತೆಪಟ್ಟಿ ತಂದ ಮೇಲೆ ಆ ಶಿಸ್ತು ಬಂತು. ಡಬ್ಬಿಯ ಕಡೆಯ ತುದಿಗೆ ಮಾತ್ರ ಅಂಥ ನಿಯಮವಿಲ್ಲ. ಒಬ್ಬರು 12 ವೋಲ್ಟ್ ಬಿಟ್ಟ ಪಿನ್ನಿನಲ್ಲಿ ಇನ್ನೊಬ್ಬರು 5 ವೋಲ್ಟ್ ಬಿಡುತ್ತಾರೆ. ಒಂದೇ ಕಂಪನಿಯ ಎರಡು ಮಾಡೆಲ್‌ಗಳಲ್ಲೂ ವ್ಯತ್ಯಾಸ ಇರಬಹುದು. ಆಕಾರ ಹೊಂದಿತು ಎಂದ ಮಾತ್ರಕ್ಕೆ ಕರೆಂಟ್ ಹೊಂದುವುದಿಲ್ಲ. 5 ವೋಲ್ಟ್ ಬರಬೇಕಾದ ಕಡೆ 12 ವೋಲ್ಟ್ ನುಗ್ಗಿ ನಮ್ಮ ಡಿಸ್ಕ್‌ಗಳು ಸುಟ್ಟಿದ್ದು ಹೀಗೆ. ಎಸ್‌ಎಂಪಿಎಸ್‌ಗೆ ವಾರಂಟಿ ಇತ್ತು. ಆದರೆ ಹಾಡಿಗೆ ಯಾವ ವಾರಂಟಿ?

ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟು: ಊರಿನ ಅಂಗಡಿಗೆ, ಪಂಚಾಯಿತಿ ಗ್ರಂಥಾಲಯಕ್ಕೆ, ಶಾಲೆಗೆ ಒಳ್ಳೆಯ ನಾನ್ ಮಾಡ್ಯುಲರ್ ಸಾಕು. ಸಾಕು ಎನ್ನುವುದಕ್ಕಿಂತ, ಅದೇ ಸರಿ. ಈ ಕಂಪ್ಯೂಟರುಗಳನ್ನು ರಿಪೇರಿ ಮಾಡುವ ಕೈಗಳು ಬದಲಾಗುತ್ತಲೇ ಇರುತ್ತವೆ. ಕೇಬಲ್ ಡಬ್ಬಿಗೇ ಅಂಟಿಕೊಂಡಿದ್ದರೆ, ಇನ್ನೊಂದರ ಕೇಬಲ್ ತಂದು ಡಬ್ಬಿಗೆ ಸಿಕ್ಕಿಸುವ ತಪ್ಪಿಗೆ ಜಾಗವೇ ಇಲ್ಲ. ಗ್ರಾಫಿಕ್ಸ್ ಕಾರ್ಡ್, ನಾಲ್ಕಾರು ಡಿಸ್ಕ್ ಹಾಕಿ ವಿಡಿಯೋ ಕೆಲಸ ಮಾಡುವವರು ಬೇಕಿದ್ದರೆ ಸೆಮಿ ಮಾಡ್ಯುಲರ್‌ಗೆ ಹೋಗಲಿ.

ಒಂದೇ ಗುಣಮಟ್ಟದ ಎರಡನ್ನು ಪಕ್ಕಪಕ್ಕ ಇಟ್ಟರೆ ಸಾಮಾನ್ಯವಾಗಿ ಮಾಡ್ಯುಲರ್‌ಗೇ ಬೆಲೆ ಹೆಚ್ಚು. ಜೇಬಿನಲ್ಲಿರುವ ದುಡ್ಡು ಅಷ್ಟೇ ಆದರೆ, ಕೇಬಲ್ ಬಿಚ್ಚುವ ಸುಖಕ್ಕಾಗಿ ಒಳಗಿನ ಗುಣ ಬಿಟ್ಟುಕೊಟ್ಟಂತಾಗುತ್ತದೆ. ಆ ದುಡ್ಡನ್ನು ಗುಣಕ್ಕೆ ಹಾಕಿ.

ಗುಣ ನೋಡುವುದು ಹೇಗೆ? ಡಬ್ಬಿಯ ಪಕ್ಕದ ಲೇಬಲ್ ಓದಿ. ಮೇಲೆ ದಪ್ಪ ಅಕ್ಷರದಲ್ಲಿ 450 ಎಂದಿರಬಹುದು. ಅದನ್ನು ನಂಬಬೇಡಿ, ಕೆಳಗಿನ ಪಟ್ಟಿಯಲ್ಲಿ 12 ವೋಲ್ಟ್‌ಗೆ ಎಷ್ಟು ಆಂಪಿಯರ್ ಬರೆದಿದೆ ನೋಡಿ. 18 ಎಂದಿದ್ದರೆ 12ರಿಂದ ಗುಣಿಸಿ, 216 ವ್ಯಾಟ್ ಆಯಿತು. ಇಂದಿನ ಕಂಪ್ಯೂಟರಿನ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಹೆಚ್ಚಾಗಿ ಉಣ್ಣುವುದು ಆ 12 ವೋಲ್ಟನ್ನೇ. ಆದ್ದರಿಂದ ಅದರ ನಿಜವಾದ ಶಕ್ತಿ ಅಷ್ಟೇ ಎಂದು ತಿಳಿಯಿರಿ.

ಆಮೇಲೆ 80 ಪ್ಲಸ್ ಗುರುತು ಇದೆಯೇ ನೋಡಿ. ಕಂಪ್ಯೂಟರಿಗೆ 200 ವ್ಯಾಟ್ ಬೇಕಿದ್ದು ಎಸ್‌ಎಂಪಿಎಸ್ ದಕ್ಷತೆ 80 ಪ್ರತಿಶತ ಇದ್ದರೆ, ಗೋಡೆಯಿಂದ 250 ವ್ಯಾಟ್ ಎಳೆಯುತ್ತದೆ. 50 ವ್ಯಾಟ್ ಬರೀ ಬಿಸಿಯಾಗಿ ಹೋಗುತ್ತದೆ. ದಕ್ಷತೆ ಕಡಿಮೆಯಾದಷ್ಟೂ ಬಿಸಿ ಹೆಚ್ಚು, ಯುಪಿಎಸ್ ಬ್ಯಾಟರಿ ಬೇಗ ಖಾಲಿ. ಆದರೆ ಈ ಗುರುತು ಹೇಳುವುದು ದಕ್ಷತೆಯನ್ನು ಮಾತ್ರ, ಸುರಕ್ಷತೆಯನ್ನಲ್ಲ. ವೋಲ್ಟೇಜ್ ಏರಿದರೆ, ಶಾರ್ಟ್ ಆದರೆ ತಾನೇ ನಿಲ್ಲುವ ರಕ್ಷಣೆ ಇದೆಯೇ, ವಾರಂಟಿ ಎಷ್ಟು ವರ್ಷ, ಕೆಟ್ಟರೆ ಯಾವ ಊರಿಗೆ ಕಳಿಸಬೇಕು ಎಂದೂ ಕೇಳಿ. ಮನೆಯ ಅರ್ಥಿಂಗ್ ಸರಿ ಇಲ್ಲದಿದ್ದರೆ ಮೊದಲು ಅದನ್ನು ಸರಿಮಾಡಿಸಿ.

ಈಗಾಗಲೇ ಮಾಡ್ಯುಲರ್ ತಂದವರು ಗಾಬರಿಯಾಗಬೇಡಿ. ಬಳಸದೆ ಉಳಿದ ಕೇಬಲ್‌ಗಳನ್ನು ಅದರ ಪೆಟ್ಟಿಗೆಯಲ್ಲೇ ಇಡಿ, ಮೇಲೆ ಮಾಡೆಲ್ ಹೆಸರು ಬರೆಯಿರಿ. ಎಸ್‌ಎಂಪಿಎಸ್ ಬದಲಿಸಿದ ದಿನ ಹಳೆಯ ಕೇಬಲ್‌ಗಳನ್ನೆಲ್ಲ ಅದರ ಜೊತೆಗೇ ಹೊರಗೆ ತೆಗೆಯಿರಿ. ರಿಪೇರಿಯವರ ಪಕ್ಕ ನಿಂತು ಇದೊಂದು ಮಾತು ಹೇಳಿ, ಸಂಕೋಚ ಬೇಡ. ಮತ್ತೆ, ಡಬ್ಬಿಯನ್ನು ನೀವೇ ಬಿಚ್ಚಲು ಹೋಗಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಕರೆಂಟ್ ಉಳಿದಿರುತ್ತದೆ.

ಒಂದು ತುದಿಯನ್ನು ಎಲ್ಲ ಕಂಪನಿಗಳೂ ಒಂದೇ ತರಹ ಮಾಡಬಹುದಾದರೆ ಇನ್ನೊಂದನ್ನೂ ಮಾಡಬಹುದು. ಅಲ್ಲಿಯವರೆಗೆ, ಬೇರೆಯದರ ಕೇಬಲ್ ಹಾಕಬೇಡಿ ಎಂಬ ಒಂದು ಸಾಲನ್ನು ನಮಗೆ ತಿಳಿಯುವ ಭಾಷೆಯಲ್ಲಿ ಡಬ್ಬಿಯ ಮೇಲೆ ಅಚ್ಚು ಹಾಕಲಿ. ನಮ್ಮ ಡಿಸ್ಕ್ ಉಳಿಯಲು ಅಷ್ಟು ಸಾಕಿತ್ತು.