ಮುಗಿಯದ ಕಟ್ಟಡ, ತಪ್ಪದ ಶುಲ್ಕ

ಮುಂಬಯಿಯಲ್ಲಿ ಸ್ವಂತದ್ದೊಂದು ಸೂರು ಬೇಕೆಂಬ ಆಸೆ ನಮ್ಮ ಕಾರ್ಮಿಕ ಬಂಧುಗಳಿಗೆ ಹೊಸತಲ್ಲ. ಹೋಟೆಲಿನ ಮಾಳಿಗೆಯಲ್ಲಿ ಚಾಪೆ ಹಾಸಿ ಮಲಗಿದವರು, ಪರೇಲು ಲಾಲಬಾಗಿನ ಚಾಳುಗಳಲ್ಲಿ ಒಂದೇ ಖೋಲಿಯಲ್ಲಿ ಪಾಳಿಯ ಮೇಲೆ ನಿದ್ದೆ ಮಾಡಿದವರು, ತಮ್ಮ ಮಕ್ಕಳಾದರೂ ಬಾಗಿಲು ಹಾಕಿಕೊಳ್ಳಬಹುದಾದ ಮನೆಯಲ್ಲಿ ಬಾಳಲಿ ಎಂದು ಹಂಬಲಿಸಿದರೆ ಅದು ಅತಿಯಾಸೆಯಲ್ಲ. ನಗರದೊಳಗೆ ಅದು ಕೈಗೆಟುಕದ ಮಾತಾದ್ದರಿಂದ ಕಲ್ಯಾಣ, ಡೊಂಬಿವಲಿ, ಬದಲಾಪುರ, ವಿರಾರ, ಪನವೇಲಗಳ ಕಡೆಗೆ ನಮ್ಮವರು ಮುಖ ಮಾಡಿದ್ದಾರೆ. ಪ್ರಾವಿಡೆಂಟ್ ಫಂಡಿನ ಹಣ, ಮನೆಯಾಕೆಯ ಕೊರಳಿನ ಬಂಗಾರ, ಊರಿನ ಗದ್ದೆಯ ಪಾಲು ಮಾರಿದ ದುಡ್ಡು, ಬ್ಯಾಂಕಿನ ಸಾಲ, ಇವೆಲ್ಲವೂ ಆ ನಾಲ್ಕು ಗೋಡೆಗಳಲ್ಲಿ ಹೋಗಿ ಸೇರಿವೆ.

ಇಂಥ ಮನೆಗಳ ಬಗ್ಗೆ ಒಂದೇ ಬಗೆಯ ದೂರು ಮತ್ತೆ ಮತ್ತೆ ನಮ್ಮ ಕಿವಿಗೆ ಬೀಳುತ್ತಿದೆ. ಜಾಹೀರಾತಿನಲ್ಲಿ ಹತ್ತು ಕಟ್ಟಡಗಳು. ಎದ್ದು ನಿಂತವು ಮೂರೋ ನಾಲ್ಕೋ. ಎರಡು ಲಿಫ್ಟುಗಳಲ್ಲಿ ಒಂದಕ್ಕೆ ಇನ್ನೂ ಬಾಗಿಲಿಲ್ಲ. ನೀರು ಟ್ಯಾಂಕರಿನದು. ಉದ್ಯಾನವೂ ಮಕ್ಕಳ ಆಟದ ಬಯಲೂ ನಕ್ಷೆಯಲ್ಲಿವೆ, ನೆಲದ ಮೇಲೆ ಇಲ್ಲ. ಒಳರಸ್ತೆಯಲ್ಲಿ ಸಿಮೆಂಟು ಲಾರಿಗಳ ಕೆಸರು. ಆದರೆ ಕೀಲಿಕೈ ಕೇಳಹೋದವನ ಮುಂದೆ ಬಿಲ್ಡರನ ಗುಮಾಸ್ತ ಮೊದಲು ಚಾಚುವುದು ಒಂದು ಚೀಟಿಯನ್ನು: ಎರಡು ವರ್ಷದ ‘ಮೇಂಟೆನೆನ್ಸ್’ ಮುಂಗಡ. 400 ಚದರಡಿಯ ಮನೆಗೆ ಚದರಡಿಗೆ ತಿಂಗಳಿಗೆ 5 ರೂಪಾಯಿಯಂತೆ ಹಿಡಿದರೂ ತಿಂಗಳಿಗೆ 2000 ರೂಪಾಯಿ. 24 ತಿಂಗಳಿಗೆ 48,000 ರೂಪಾಯಿ. ಒಂದು ಕಡೆ ಹಳೆಯ ಖೋಲಿಯ ಬಾಡಿಗೆ, ಇನ್ನೊಂದು ಕಡೆ ಬ್ಯಾಂಕಿನ ಕಂತು, ನಡುವೆ ಈ ಇಡಿಗಂಟು. ದುಡಿಯುವವನು ಎಲ್ಲಿಂದ ತರಬೇಕು?

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ ಎಂದು ನಮ್ಮ ಹಿರಿಯರು ನಗುತ್ತಿದ್ದರು. ಇಲ್ಲಿ ಹುಟ್ಟದ ಕೂಸಿನ ಕುಲಾವಿಗೆ ಎರಡು ವರ್ಷದ ಹಣವನ್ನೂ ಎಣಿಸಿಕೊಳ್ಳಲಾಗುತ್ತಿದೆ. ಮೇಜಿಗೆ ಬಾರದ ತಿಂಡಿಯನ್ನು ಬಿಲ್ಲಿಗೆ ಸೇರಿಸಿದರೆ ಗಿರಾಕಿ ಸುಮ್ಮನಿರುವನೇ? ಹಾಗೆ ಮಾಡಿದ ಮಾಣಿಯನ್ನು ಮಾಲಿಕ ಉಳಿಸಿಕೊಳ್ಳುವನೇ? ಹೋಟೆಲಿನಲ್ಲಿ ನಡೆಯದ ಲೆಕ್ಕ ಮನೆಯ ವ್ಯಾಪಾರದಲ್ಲಿ ಏಕೆ ನಡೆಯಬೇಕೆಂಬುದು ನಮ್ಮ ಪ್ರಶ್ನೆ.

ಕಾಯಿದೆ ಈ ವಿಷಯದಲ್ಲಿ ಮೂಕವಾಗಿಲ್ಲ. ಹೊರಖರ್ಚಿಗೆಂದು ಕೊಳ್ಳುವವರಿಂದ ಪಡೆದ ಹಣವನ್ನು ಬೇರೆ ಖಾತೆಯಲ್ಲಿಟ್ಟು ಅದಕ್ಕಾಗಿಯೇ ಖರ್ಚು ಮಾಡಬೇಕೆಂದು ಮಹಾರಾಷ್ಟ್ರವು 1963ರಷ್ಟು ಹಿಂದೆಯೇ ಫ್ಲ್ಯಾಟುಗಳ ಕಾಯಿದೆಯಲ್ಲಿ ವಿಧಿಸಿತ್ತು. ತರುವಾಯ 2016ರಲ್ಲಿ ಕೇಂದ್ರ ಸರಕಾರದ ‘ರೇರಾ’ ಕಾಯಿದೆ ಬಂದಿತು. 2017ರ ಮೇ 1ರಿಂದ ಅದು ಪೂರ್ಣವಾಗಿ ಜಾರಿಯಲ್ಲಿದೆ. ಮನೆ ಕೊಂಡವರ ಸಂಘವು ನಿರ್ವಹಣೆಯನ್ನು ವಹಿಸಿಕೊಳ್ಳುವವರೆಗೆ ಅಗತ್ಯ ಸೇವೆಗಳನ್ನು ತಕ್ಕ ದರದಲ್ಲಿ ಒದಗಿಸಿ ನಡೆಸುವ ಹೊಣೆ ಬಿಲ್ಡರನದು ಎಂದು ಅದರ 11ನೆಯ ಕಲಮು ಹೇಳುತ್ತದೆ. ಇಲ್ಲಿ ಎರಡು ಮಾತುಗಳನ್ನು ಓದುಗರು ಗುರುತಿಸಬೇಕು: ‘ಒದಗಿಸಿ’ ಎಂಬುದು ಒಂದು, ‘ತಕ್ಕ ದರದಲ್ಲಿ’ ಎಂಬುದು ಇನ್ನೊಂದು. ಒದಗಿಸದ ಸೇವೆಗೆ ದರವಿಲ್ಲ. ಒದಗಿಸಿದ್ದಕ್ಕೂ ಬಾಯಿಗೆ ಬಂದ ದರವಿಲ್ಲ.

ಶುಲ್ಕ ಎಂದಿನಿಂದ ಎಂಬುದಕ್ಕೂ ಕಟ್ಟಳೆಯುಂಟು. ಮಹಾರಾಷ್ಟ್ರದ 2017ರ ನಿಯಮಗಳ ಜೊತೆಗಿರುವ ಮಾದರಿ ಕರಾರುಪತ್ರದಂತೆ, ಕಟ್ಟಡ ವಾಸಕ್ಕೆ ಯೋಗ್ಯವೆಂಬ ಪ್ರಮಾಣಪತ್ರ, ಅಂದರೆ ಜನರ ಮಾತಿನ ‘ಓಸಿ’, ಬಂದ ಮೇಲೆಯೇ ಮನೆ ಸಿದ್ಧವಾಗಿದೆಯೆಂದು ಬಿಲ್ಡರನು ಬರೆದು ತಿಳಿಸಬೇಕು. ಹಾಗೆ ತಿಳಿಸಿದ ಮೇಲಷ್ಟೇ, 15 ದಿನಗಳೊಳಗೆ, ಹೊರಖರ್ಚಿನ ಪಾಲು ಕೊಡುವ ಬಾಧ್ಯತೆ ಹುಟ್ಟುತ್ತದೆ. ‘ಓಸಿ ಇಂದೋ ನಾಳೆಯೋ ಬರುತ್ತದೆ, ಮೊದಲು ಹಣ ಕಟ್ಟಿ, ಬಣ್ಣ ಹಚ್ಚುವ ನೆವದಲ್ಲಿ ಒಳಗೆ ಸೇರಿಕೊಳ್ಳಿ’ ಎಂಬ ಸಿಹಿಮಾತಿಗೆ ಯಾರೂ ಮರುಳಾಗಬಾರದು.

ಇಷ್ಟನ್ನು ಹೇಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳುವುದು ನಮ್ಮ ಕರ್ತವ್ಯ. ಕೋಪದಲ್ಲಿ ‘ಒಂದು ಪೈಸೆಯನ್ನೂ ಕೊಡೆವು’ ಎಂದು ಕೈಕಟ್ಟಿ ಕುಳಿತುಕೊಳ್ಳುವವರಿದ್ದಾರೆ. ಅವರ ಸಿಟ್ಟು ನಮಗೆ ಅರ್ಥವಾಗುತ್ತದೆ, ದಾರಿ ಒಪ್ಪಿಗೆಯಾಗುವುದಿಲ್ಲ. ನಿರ್ವಹಣೆಯ ಪಾಲನ್ನು ಕೊಡುವುದು ಕೊಂಡವನ ಕರ್ತವ್ಯವೆಂದೂ ತಡವಾದರೆ ಬಡ್ಡಿ ತೆರಬೇಕೆಂದೂ ಅದೇ ಕಾಯಿದೆಯ 19ನೆಯ ಕಲಮು ಹೇಳುತ್ತದೆ. ಅದಕ್ಕಿಂತ ಮಿಗಿಲಾಗಿ, ಆ ಅರೆಮುಗಿದ ಕಟ್ಟಡದಲ್ಲಿ ರಾತ್ರಿಯಿಡೀ ಎಚ್ಚರಿರುವ ಕಾವಲುಗಾರ, ಮೆಟ್ಟಿಲು ಗುಡಿಸುವ ಹೆಂಗಸು, ಪಂಪು ನಡೆಸುವವನು ನಮ್ಮಂತೆಯೇ ದುಡಿದು ತಿನ್ನುವವರು. ಹಣ ನಿಂತಾಗ ಬಿಲ್ಡರನು ಮೊದಲು ಕತ್ತರಿಸುವುದು ಅವರ ಪಗಾರವನ್ನು, ತನ್ನ ಲಾಭವನ್ನಲ್ಲ. ನಮ್ಮ ನ್ಯಾಯಕ್ಕಾಗಿ ಇನ್ನೊಬ್ಬ ಕಾರ್ಮಿಕನ ಒಲೆ ಆರಬಾರದು.

ಹಾಗಾದರೆ ದಾರಿ ಯಾವುದು? ಕುರುಡಾಗಿ ಕೊಡುವುದೂ ಬೇಡ, ಹಟದಿಂದ ನಿಲ್ಲಿಸುವುದೂ ಬೇಡ. ಲೆಕ್ಕ ಕೇಳಿ ಕೊಡೋಣ, ಒಟ್ಟಾಗಿ ಕೇಳೋಣ.

ಮೊದಲನೆಯದಾಗಿ, ಸಹಿ ಹಾಕಿದ ಕರಾರುಪತ್ರವನ್ನು ಓದಿಸಿ ತಿಳಿದುಕೊಳ್ಳಬೇಕು. ಅದು ಇಂಗ್ಲಿಷಿನಲ್ಲಿದೆ ಎಂದು ಕಪಾಟಿನಲ್ಲಿಟ್ಟು ಬೀಗ ಹಾಕಿದವರೇ ಬಹಳ. ಇಲ್ಲಿನ ರಾತ್ರಿಶಾಲೆಗಳಲ್ಲಿ ಓದಿ ಮುಂದೆ ಬಂದ ನಮ್ಮ ತರುಣರು ಹಿರಿಯರಿಗೆ ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳುವುದು ದೊಡ್ಡ ಸೇವೆಯಾದೀತು. ಎರಡನೆಯದಾಗಿ, ಶುಲ್ಕ ಯಾವುದಕ್ಕೆ ಎಷ್ಟು ಎಂಬ ಬಿಡಿಲೆಕ್ಕವನ್ನು ಬರವಣಿಗೆಯಲ್ಲಿ ಕೇಳಬೇಕು. ಕಾವಲು, ಕಸ, ದೀಪ, ನೀರು, ಲಿಫ್ಟು, ಪಾಲಿಕೆಯ ತೆರಿಗೆ, ಹೀಗೆ ನಿಜವಾಗಿ ನಡೆಯುತ್ತಿರುವುದಕ್ಕೆ ಹಣ ಕಟ್ಟಿ ರಶೀದಿ ಪಡೆಯಬೇಕು. ಇಲ್ಲದ ಉದ್ಯಾನದ, ತೆರೆಯದ ವ್ಯಾಯಾಮಶಾಲೆಯ ಬಾಬ್ತಿಗೆ ಲಿಖಿತ ಆಕ್ಷೇಪಣೆ ಸಲ್ಲಿಸಬೇಕು. ಬಾಯಿಮಾತಿನ ಜಗಳ ಗೇಟಿನಾಚೆ ಉಳಿಯುವುದಿಲ್ಲ, ಕಾಗದ ಉಳಿಯುತ್ತದೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ: ಸೊಸೈಟಿ. ಹತ್ತೂ ಕಟ್ಟಡಗಳು ಮುಗಿಯುವವರೆಗೆ ಸೊಸೈಟಿ ಆಗದೆಂದು ಬಿಲ್ಡರರು ಹೇಳುವುದುಂಟು. ಅದು ಸರಿಯಲ್ಲ. ಒಂದು ಕಟ್ಟಡದ ನೂರಕ್ಕೆ 51 ಮನೆಗಳು ಗೊತ್ತಾದ ಮೂರು ತಿಂಗಳೊಳಗೆ ಆ ಕಟ್ಟಡದ ಸೊಸೈಟಿಯ ನೋಂದಣಿಗೆ ಬಿಲ್ಡರನೇ ಅರ್ಜಿ ಹಾಕಬೇಕೆಂದು ಮಹಾರಾಷ್ಟ್ರದ ನಿಯಮ. ಎಲ್ಲ ಕಟ್ಟಡಗಳನ್ನು ಸೇರಿಸಿದ ಒಕ್ಕೂಟ ಮಾತ್ರ ಕಡೆಯ ಕಟ್ಟಡದ ಓಸಿಯ ನಂತರದ್ದು. ಸೊಸೈಟಿ ನಿಂತು ಕಟ್ಟಡದ ಒಡೆತನ ಅದರ ಹೆಸರಿಗೆ ಬಂದಾಗ, ಮುಂಗಡವಾಗಿ ಕೊಟ್ಟ ಹಣದಲ್ಲಿ ಖರ್ಚು ಕಳೆದು ಮಿಕ್ಕಿದ್ದನ್ನು ಬಿಲ್ಡರನು ಸೊಸೈಟಿಗೆ ಒಪ್ಪಿಸಬೇಕು. ಸೊಸೈಟಿ ತಡವಾದಷ್ಟೂ ಆ ಹಣದ ಕೀಲಿ ಅವನ ಕೈಯಲ್ಲೇ ಉಳಿಯುತ್ತದೆ. ತಡ ಯಾರಿಗೆ ಲಾಭವೆಂದು ಬಿಡಿಸಿ ಹೇಳಬೇಕಾಗಿಲ್ಲ. ಇಷ್ಟಾದರೂ ಮಾತು ನಡೆಯದಿದ್ದರೆ ಮಹಾರೇರಾ ಪ್ರಾಧಿಕಾರವಿದೆ. ಅಲ್ಲಿಗೆ ಒಬ್ಬನೇ ಹೋಗಬಹುದು, ಸಂಘವಾಗಿಯೂ ಹೋಗಬಹುದು. ಮನೆ ಕೊಡುವುದೇ ತಡವಾಗಿದ್ದರೆ ಪ್ರತಿ ತಿಂಗಳ ತಡಕ್ಕೂ ಬಡ್ಡಿ ಕೇಳುವ ಹಕ್ಕು ಕೊಂಡವನಿಗೆ ಇದೆ ಎಂಬುದನ್ನೂ ಮರೆಯಬಾರದು.

ಈ ಕಷ್ಟ ಖಾಸಗಿ ಬಿಲ್ಡರರಿಂದ ಮಾತ್ರ ಬಂದುದಲ್ಲ. ಗಿರಣಿ ಕಾರ್ಮಿಕರಿಗೆಂದು ಪನವೇಲದ ಬಳಿಯ ಕೋನ್‌ನಲ್ಲಿ ಮೀಸಲಾದ ಸುಮಾರು 2400 ಮನೆಗಳಿಗೆ ಮ್ಹಾಡಾ 2016ರ ಡಿಸೆಂಬರಿನಲ್ಲಿ ಲಾಟರಿ ಎತ್ತಿತು. ಹೆಸರು ಬಂದವರು ಕೀಲಿಕೈಗಾಗಿ ವರ್ಷಗಟ್ಟಲೆ ಕಾದರು. ನಡುವೆ ಕೋವಿಡಿನ ಕಾಲದಲ್ಲಿ ಆ ಕಟ್ಟಡಗಳು ರೋಗಿಗಳನ್ನು ಬೇರೆಯಿಡಲು ಬಳಕೆಯಾದವು. ಕೊನೆಗೆ ದುರಸ್ತಿಗಾಗಿಯೂ ನಿರ್ವಹಣಾ ಶುಲ್ಕದ ಹೊರೆ ಇಳಿಸಬೇಕೆಂದೂ ಅವರು ದನಿಯೆತ್ತಬೇಕಾಯಿತು. 1982ರ ಮುಷ್ಕರದ ಬಳಿಕ ಕೆಲಸ ಕಳೆದುಕೊಂಡ ಮುದುಕನಿಗೆ ತಿಂಗಳ ವರಮಾನವೇ ಇಲ್ಲದಿರುವಾಗ, ಮನೆಯ ಬೆಲೆಯಷ್ಟೇ ಅದರ ತಿಂಗಳ ಶುಲ್ಕವೂ ಅವನನ್ನು ಹೊರಗೆ ತಳ್ಳಬಲ್ಲದು. ಕಾರ್ಮಿಕರ ಮನೆ ಎಂದು ಹೆಸರಿಟ್ಟ ಮೇಲೆ ಶುಲ್ಕವೂ ಕಾರ್ಮಿಕನಿಗೆ ತಾಳುವಂತಿರಬೇಕಾದುದು ನ್ಯಾಯ. ಸರಕಾರ ಇದನ್ನು ಮನಗಾಣಲೇಬೇಕು.

ಒಂದೇ ಕಟ್ಟಡದಲ್ಲಿ ಮನೆ ಹಿಡಿದ ನಮ್ಮ ಸದಸ್ಯರು ಒಬ್ಬರನ್ನೊಬ್ಬರು ಹುಡುಕಿಕೊಳ್ಳಲಿ. ಮರಾಠಿ, ಗುಜರಾತಿ, ಹಿಂದಿ ಮಾತಾಡುವ ನೆರೆಯವರನ್ನೂ ಕೂಡಿಸಿಕೊಳ್ಳಲಿ. ಲಿಫ್ಟು ನಿಂತರೆ ಅದು ಭಾಷೆ ನೋಡಿ ನಿಲ್ಲುವುದಿಲ್ಲ. ಕರಾರುಪತ್ರ, ರಶೀದಿ, ಬಿಲ್ಡರನ ಕಾಗದಗಳನ್ನು ಹಿಡಿದು ಸಂಘದ ಕಚೇರಿಗೆ ಬರಲಿ. ಒಬ್ಬೊಬ್ಬರಾಗಿ ಕೇಳಿದವರಿಗೆ ‘ನಾಳೆ ಬನ್ನಿ’ ಎಂಬ ಉತ್ತರ ಸಿಕ್ಕಿದೆ. ಐವತ್ತು ಮನೆಯವರು ಒಂದೇ ಕಾಗದಕ್ಕೆ ಸಹಿ ಹಾಕಿ ಕೇಳಿದರೆ ಆ ಉತ್ತರ ಕೊಡುವುದು ಅಷ್ಟು ಸುಲಭವಾಗದು.