ಗರಡಿಗೆ ಕಣ್ಣು ಬೇಕೆ?

ಕಳೆದ ವಾರ ಬೆಳಗಿನ ನಡಿಗೆ ಮುಗಿಸಿ ಯಲಹಂಕ ಹಳೇಪಟ್ಟಣದ ಹೋಟೆಲೊಂದರಲ್ಲಿ ಕಾಫಿ ಕುಡಿಯುತ್ತಿದ್ದಾಗ, ಪರಿಚಯದವರೊಬ್ಬರು ಜೇಬಿನಿಂದ ಮಡಿಸಿದ ಕಾಗದವೊಂದನ್ನು ತೆಗೆದು ನನ್ನ ಮುಂದಿಟ್ಟರು. ಅವರ ಮಗಳಿಗೆ ಹುಟ್ಟಿನಿಂದಲೇ ದೃಷ್ಟಿಯಿಲ್ಲ. ಈ ವರ್ಷ ಪ್ರೌಢಶಾಲೆಯೊಂದರಲ್ಲಿ ಎಂಟನೆಯ ತರಗತಿಗೆ ಸೇರಿದ್ದಾಳೆ. ಕಾಗದದಲ್ಲಿದ್ದದ್ದು ಎರಡೇ ಸಾಲು. ತಮ್ಮ ಮಗಳಿಗೆ ಆಟೋಟಗಳಿಂದ ವಿನಾಯಿತಿ ನೀಡಬೇಕೆಂದು ಪೋಷಕರೇ ವಿನಂತಿಸಿಕೊಂಡಂತೆ ಶಾಲೆಯವರೇ ಸಿದ್ಧಪಡಿಸಿದ ಒಕ್ಕಣೆ. ಸಹಿಯೊಂದು ಮಾತ್ರ ಬಾಕಿ. "ಏನ್ಮಾಡ್ಲಿ ಮೇಷ್ಟ್ರೇ? ಹಾಕ್ದಿದ್ರೆ ಅವರಿಗೆ ಬೇಜಾರು, ಹಾಕಿದ್ರೆ ಮಗಳು ನನ್ನ ಜೊತೆ ಮಾತು ಬಿಡ್ತಾಳೆ" ಎಂದರು.

ಸಹಿ ಹಾಕಬೇಡಿ ಎಂದೆ. ಕಾಫಿ ಮುಗಿಯುವುದರೊಳಗೆ ಹೇಳಿ ಮುಗಿಸಲಾಗದ ಕಾರಣಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ಬಗೆಯ ವಿನಾಯಿತಿಗೆ ನಾನು ಹೊಸಬನಲ್ಲ. ಬಹಳ ವರ್ಷಗಳ ಹಿಂದೆ ನನ್ನ ತರಗತಿಯಲ್ಲಿಯೂ ಒಬ್ಬ ಅಂಧ ಹುಡುಗನಿದ್ದ. ಒಂಬತ್ತನೆಯ ತರಗತಿ, ಗಟ್ಟಿಮುಟ್ಟಾದ ಮೈಕಟ್ಟು, ಚುರುಕು ನಾಲಿಗೆ. ಆಟದ ಅವಧಿಯಲ್ಲಿ ಉಳಿದವರೆಲ್ಲ ಮೈದಾನಕ್ಕೆ ಓಡುವಾಗ ಅವನನ್ನು ಕೋಣೆಯಲ್ಲಿ ಕೂರಿಸಿ, "ಎಲ್ಲರ ಚೀಲ ನೋಡ್ಕೊಂಡಿರು" ಎನ್ನುತ್ತಿದ್ದೆ. ಕಣ್ಣಿಲ್ಲದವನಿಗೆ ನೋಡಿಕೊಳ್ಳುವ ಕೆಲಸ! ಆ ಮಾತಿನೊಳಗಿನ ಕ್ರೌರ್ಯ ಆಗ ನನಗೆ ಹೊಳೆಯಲಿಲ್ಲ. ಕರುಣೆಯೆಂದೇ ತಿಳಿದಿದ್ದೆ.

ಒಂದು ದಿನ ತರಗತಿಯಲ್ಲಿ ಗಲಾಟೆಯೆದ್ದಿತು. ಹೋಗಿ ನೋಡಿದರೆ, ನನ್ನ ಈ ಹುಡುಗ ತನಗಿಂತ ಎತ್ತರದ ಸಹಪಾಠಿಯೊಬ್ಬನನ್ನು ನೆಲಕ್ಕೆ ಕೆಡವಿ ಎದೆಯ ಮೇಲೆ ಕುಳಿತಿದ್ದ. ಬಿಡಿಸಿ, "ನೀನು, ಅದೂ ನೀನು, ಕುಸ್ತಿ ಆಡ್ತೀಯಾ?" ಎಂದು ಗದರಿದೆ. ಅವನು ಏದುಸಿರು ಬಿಡುತ್ತಲೇ ಹೇಳಿದ: "ಹಿಡ್ಕೊಂಡ್ ಮೇಲೆ ನಂಗೂ ಅವನಿಗೂ ಏನ್ ವ್ಯತ್ಯಾಸ ಸಾರ್?" ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರವಿಲ್ಲದ ಮೇಷ್ಟ್ರು ಮಾಡುವುದನ್ನೇ ಮಾಡಿದೆ. ಬೆಂಚಿನ ಮೇಲೆ ನಿಲ್ಲಿಸಿದೆ.

ಆ ಹುಡುಗ ಹೇಳಿದ್ದು ಕುಸ್ತಿಶಾಸ್ತ್ರದ ಮೊದಲ ಸತ್ಯ. ನಮ್ಮ ಗರಡಿಮನೆಯ ಯಾವ ಉಸ್ತಾದನನ್ನು ಬೇಕಾದರೂ ಕೇಳಿ ನೋಡಿ. ಪಟ್ಟು ಬಿದ್ದ ಮೇಲೆ ಪೈಲ್ವಾನನು ನೋಡುವುದು ಕಣ್ಣಿನಿಂದಲ್ಲ. ಎದುರಾಳಿಯ ತೋಳಿನ ಬಿಗಿಯಿಂದ, ಉಸಿರಿನ ಏರಿಳಿತದಿಂದ, ಕಾಲಿನಿಂದ ಕಾಲಿಗೆ ಜಾರುವ ಭಾರದಿಂದ. ಕಣ್ಣು ನೆರವಾಗುವುದು ಜೋಡಿ ಒಂದನ್ನೊಂದು ಸುತ್ತುತ್ತ ಹೊಂಚುವ ಆರಂಭದ ಕ್ಷಣಗಳಲ್ಲಿ ಮಾತ್ರ. ಅಷ್ಟಕ್ಕೆ ಒಂದು ಪರಿಹಾರ ಕಂಡುಹಿಡಿದರೆ ಅಂಧನೂ ಕಣ್ಣುಳ್ಳವನೂ ಸಮಸಮ.

ಆ ಪರಿಹಾರವನ್ನು ಅಮೆರಿಕೆಯ ಪ್ರೌಢಶಾಲೆಗಳು ಎಂದೋ ಕಂಡುಕೊಂಡಿವೆ. ಜೋಡಿಯಲ್ಲಿ ಒಬ್ಬನು ಅಂಧನಾಗಿದ್ದರೆ ಇಬ್ಬರೂ ಬೆರಳುಗಳನ್ನು ತಾಗಿಸಿ ನಿಂತು ಪಂದ್ಯ ಆರಂಭಿಸಬೇಕು. ನಿಂತು ಸೆಣಸುವಾಗ ಸ್ಪರ್ಶ ತಪ್ಪಿದರೆ ತೀರ್ಪುಗಾರ ಪಂದ್ಯವನ್ನು ನಿಲ್ಲಿಸಿ, ಮತ್ತೆ ಬೆರಳು ತಾಗಿಸಿ ಮುಂದುವರಿಸಬೇಕು. ಬೇರೆ ಕಟ್ಟಡ ಬೇಡ, ಯಂತ್ರ ಬೇಡ, ಅನುದಾನ ಬೇಡ, ಸುತ್ತೋಲೆಯೂ ಬೇಡ. ಈ ಒಂದು ನಿಯಮದ ಬಲದಿಂದ ಅಲ್ಲಿ ಅಂಧ ವಿದ್ಯಾರ್ಥಿಗಳು ಕಣ್ಣುಳ್ಳವರೊಡನೆ ಸೆಣಸುತ್ತಾರೆ, ಗೆಲ್ಲುತ್ತಾರೆ, ಸೋಲುತ್ತಾರೆ. ಜೇಮ್ಸ್ ಮಾಸ್ಟ್ರೊ ಎಂಬ ಅಂಧ ಕುಸ್ತಿಪಟು ೧೯೭೬ರಲ್ಲಿ ಅಮೆರಿಕೆಯ ಒಲಿಂಪಿಕ್ ಗ್ರೀಕೋ-ರೋಮನ್ ಕುಸ್ತಿ ತಂಡಕ್ಕೆ ಬದಲಿ ಸ್ಪರ್ಧಿಯಾಗಿ ಆಯ್ಕೆಯಾದ. ಪ್ಯಾರಾಲಿಂಪಿಕ್ಸ್ ಅಲ್ಲ, ಒಲಿಂಪಿಕ್ಸ್. ಮುಂದೆ ಅವನು ದೈಹಿಕ ಶಿಕ್ಷಣದ ಪ್ರಾಧ್ಯಾಪಕನೂ ಆದ. ಅಂಧನೊಬ್ಬ ಕಣ್ಣುಳ್ಳವರಿಗೆ ವ್ಯಾಯಾಮದ ಪಾಠ ಹೇಳಿದ! ನಾವು ಅಂಥವನನ್ನು ಚೀಲ ಕಾಯಲು ಕೂರಿಸುತ್ತಿದ್ದೆವು.

ಸ್ಪರ್ಶದಿಂದ ಆರಂಭಿಸುವುದು ನಮಗೆ ಪರಕೀಯವೇನೂ ಅಲ್ಲ. ನಮ್ಮ ಮಟ್ಟಿಯಲ್ಲಿಯೂ ಪೈಲ್ವಾನರು ಕೆಮ್ಮಣ್ಣು ಮುಟ್ಟಿ, ಸೆಡ್ಡು ಹೊಡೆದು, ಕೈಗೆ ಕೈ ತಾಗಿಸಿಯೇ ಕುಸ್ತಿಗಿಳಿಯುತ್ತಾರೆ. ಆ ಕೈಯನ್ನು ಇನ್ನೊಂದು ಕ್ಷಣ ಬಿಡದಿದ್ದರಾಯಿತು. ಮೈಸೂರು ದಸರೆಯ ಕುಸ್ತಿಗೆ ಜೋಡಿ ಕಟ್ಟುವುದನ್ನು ಹಬ್ಬವಾಗಿ ಆಚರಿಸುವ ನಾಡು ನಮ್ಮದು. ಬೆಳಗಾವಿ, ಧಾರವಾಡ, ದಾವಣಗೆರೆಗಳ ಗರಡಿಗಳು ನಮ್ಮವು. ನಮ್ಮ ಪುರಾಣದ ಸ್ಮೃತಿಯಲ್ಲಿಯೂ ಒಬ್ಬ ಅಂಧ ಮಲ್ಲನಿದ್ದಾನೆ. ಯುದ್ಧ ಮುಗಿದ ಮೇಲೆ ಭೀಮನನ್ನು ಆಲಿಂಗಿಸಬೇಕೆಂದ ಧೃತರಾಷ್ಟ್ರನ ಮುಂದೆ ಕೃಷ್ಣನು ಲೋಹದ ಪ್ರತಿಮೆಯನ್ನು ಇರಿಸಿದ, ಮುದುಕನ ಅಪ್ಪುಗೆಗೆ ಅದು ನುಚ್ಚುನೂರಾಯಿತು. ಈ ಕಥೆಯನ್ನು ಧೃತರಾಷ್ಟ್ರನ ದ್ವೇಷದ ದೃಷ್ಟಾಂತವೆಂದು ನಾನು ಮೂರು ದಶಕ ಪಾಠ ಮಾಡಿದೆ. ಅವನ ತೋಳುಗಳ ಬಗ್ಗೆ ಒಮ್ಮೆಯೂ ಮಾತನಾಡಲಿಲ್ಲ. ಕಣ್ಣಿಲ್ಲವೆಂದು ಸಿಂಹಾಸನ ತಪ್ಪಿಸಿದವರ ಸಾಲಿನಲ್ಲಿಯೇ ನಾನೂ ನಿಂತಿದ್ದೆ.

ಈಗ ಆಕ್ಷೇಪಗಳಿಗೆ ಬರೋಣ.

ಮೊದಲನೆಯದು, ಅಪಾಯ. "ಮಗು ಬಿದ್ದು ಪೆಟ್ಟಾದರೆ ಹೊಣೆ ಯಾರು?" ಎಂದು ಮುಖ್ಯೋಪಾಧ್ಯಾಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಅಂಧ ಮಗು ಬೀಳುವುದು ಮೈದಾನದಲ್ಲಿ ಮಾತ್ರವೇ? ನಮ್ಮ ಉತ್ತರ ಬೆಂಗಳೂರಿನ ಕಾಲುದಾರಿಗಳನ್ನು ಒಮ್ಮೆ ನೆನೆಯಿರಿ. ಕಿತ್ತುಹೋದ ಚಪ್ಪಡಿ, ಮುಚ್ಚಳವಿಲ್ಲದ ಚರಂಡಿ, ನಡುದಾರಿಯಲ್ಲಿ ನಿಲ್ಲಿಸಿದ ಬೈಕು, ಎದೆಯೆತ್ತರಕ್ಕೆ ಜೋತುಬಿದ್ದ ಕೇಬಲ್ಲು. ಹೆಬ್ಬಾಳದ ಮೇಲುಸೇತುವೆಯ ಕೆಳಗೆ ರಸ್ತೆ ದಾಟುವುದು ಕಣ್ಣಿದ್ದ ನನಗೇ ಒಂದು ಸಾಹಸ. ಬೀಳುವುದು ಆ ಮಗುವಿನ ನಿತ್ಯದ ಪಾಡು. ಹಾಗಿರುವಾಗ ಪೆಟ್ಟಾಗದಂತೆ ಬೀಳುವುದನ್ನು ಯಾರು ಕಲಿಸಬೇಕು? ಜೂಡೊ ಕಲಿಯಲು ಬಂದವನಿಗೆ ಮೊದಲು ಹೇಳಿಕೊಡುವ ಪಾಠವೇ ಅದು: ಗಲ್ಲವನ್ನು ಎದೆಗೊತ್ತಿ, ಬೆನ್ನನ್ನು ಬಾಗಿಸಿ, ಅಂಗೈಯಿಂದ ನೆಲವನ್ನು ಬಡಿದು ಬೀಳಬೇಕು. ಈ ವಿದ್ಯೆ ಕಣ್ಣಿದ್ದವನಿಗೆ ಕ್ರೀಡೆ, ಕಣ್ಣಿಲ್ಲದವನಿಗೆ ಬದುಕು. ಅಪಾಯದ ಹೆಸರಿನಲ್ಲಿ ನಾವು ಕಸಿದುಕೊಳ್ಳುತ್ತಿರುವುದು ಅಪಾಯದಿಂದ ಪಾರಾಗುವ ಶಕ್ತಿಯನ್ನೇ.

ಎರಡನೆಯದು, "ಅವರಿಗೆ ಸಂಗೀತವಿದೆಯಲ್ಲ." ಈ ಮಾತನ್ನು ಸಜ್ಜನರೇ ಹೆಚ್ಚಾಗಿ ಆಡುತ್ತಾರೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಬಗ್ಗೆ ನನಗೆ ಅಪಾರ ಗೌರವವಿದೆ. ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಅಂಧ ಮಕ್ಕಳಿಗೆ ಅನ್ನ, ಆಶ್ರಯ, ವಿದ್ಯೆ ಮೂರನ್ನೂ ಕೊಟ್ಟ ಮಹನೀಯರು. ಬೇರೆ ಯಾರೂ ಬಾಗಿಲು ತೆರೆಯದ ಕಾಲದಲ್ಲಿ ಅವರು ಒಂದು ಬಾಗಿಲು ತೆರೆದರು. ಆದರೆ ಆ ಒಂದು ಬಾಗಿಲು ತೆರೆದಿದೆಯೆಂದು ಉಳಿದ ಬಾಗಿಲುಗಳಿಗೆಲ್ಲ ಬೀಗ ಜಡಿದವರು ನಾವು. ಅಂಧನೆಂದರೆ ಹಾರ್ಮೋನಿಯಂ ಎಂದು ತೀರ್ಮಾನಿಸಿದೆವು. ಶ್ರುತಿಯೇ ಹಿಡಿಯದ, ಆದರೆ ಎದುರಾಳಿಯ ಸೊಂಟವನ್ನು ಬಿಗಿಯಾಗಿ ಹಿಡಿಯಬಲ್ಲ ಹುಡುಗನು ಎಲ್ಲಿಗೆ ಹೋಗಬೇಕು?

ಮೂರನೆಯದು, "ಗೆದ್ದವರೆಲ್ಲ ಅಸಾಧಾರಣರು, ಎಲ್ಲರೂ ಹಾಗಾಗಲು ಸಾಧ್ಯವೆ?" ಎಂಬುದು. ಅಸಾಧಾರಣರೆಂದು ನಾವು ಕೊಂಡಾಡುವವರ ಕಥೆಗಳನ್ನೇ ಸ್ವಲ್ಪ ಬಿಡಿಸಿ ನೋಡೋಣ. ಚಿಕ್ಕಮಗಳೂರು ಜಿಲ್ಲೆಯ ರಕ್ಷಿತಾ ರಾಜು ಹುಟ್ಟಿನಿಂದ ಅಂಧೆ. ಬಾಲ್ಯದಲ್ಲಿಯೇ ತಂದೆತಾಯಿಯರನ್ನು ಕಳೆದುಕೊಂಡು ಅಜ್ಜಿಯ ಆಸರೆಯಲ್ಲಿ ಬೆಳೆದವರು. ೨೦೧೮ರಲ್ಲಿ ಜಕಾರ್ತದಲ್ಲಿಯೂ, ೨೦೨೩ರ ಅಕ್ಟೋಬರ್‌ನಲ್ಲಿ ಹಾಂಗ್‌ಝೌನಲ್ಲಿಯೂ ನಡೆದ ಏಷ್ಯನ್ ಪ್ಯಾರಾ ಕ್ರೀಡಾಕೂಟಗಳಲ್ಲಿ ೧೫೦೦ ಮೀಟರ್ ಓಟದ ಚಿನ್ನ ಗೆದ್ದರು. ೨೦೨೪ರಲ್ಲಿ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿಯೂ ಓಡಿದರು. ಪೂರ್ಣ ಅಂಧರ ಆ ವಿಭಾಗದಲ್ಲಿ ಓಟಗಾರರೆಲ್ಲ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ಮಾರ್ಗದರ್ಶಿ ಓಟಗಾರನೊಂದಿಗೆ ಒಂದು ತುಂಡು ದಾರದ ಎರಡು ತುದಿ ಹಿಡಿದು ಓಡುತ್ತಾರೆ. ಗುರಿಯ ಗೆರೆಯನ್ನು ಮಾರ್ಗದರ್ಶಿ ಮೊದಲು ದಾಟುವಂತಿಲ್ಲ. ರಕ್ಷಿತಾ ಅವರೊಡನೆ ಓಡಿದವರು ರಾಹುಲ್ ಬಾಲಕೃಷ್ಣ. ಈ ಸಾಧನೆಯ ಮೂಲದಲ್ಲಿ ಏನಿತ್ತು? ಅಂಧ ಮಕ್ಕಳ ಶಾಲೆಯೊಂದರಲ್ಲಿ, "ನೀನು ಓಡಬಲ್ಲೆ" ಎಂದು ಹುಡುಗಿಗೆ ಹೇಳಿದ ಒಬ್ಬ ಶಿಕ್ಷಕ, ಒಂದು ತುಂಡು ದಾರ, ಜೊತೆಗೆ ಓಡಲು ಒಪ್ಪಿದ ಒಬ್ಬ ಮನುಷ್ಯ. ಇದರಲ್ಲಿ ನಮ್ಮ ಯಾವ ಶಾಲೆಗೆ ಎಟುಕದ್ದು ಯಾವುದಿದೆ?

ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯ್ಕ್ ಅವರ ನಾಯಕತ್ವದಲ್ಲಿ ಭಾರತವು ೨೦೧೨ರ ಡಿಸೆಂಬರ್‌ನಲ್ಲಿ, ನಮ್ಮ ಬೆಂಗಳೂರಿನಲ್ಲಿಯೇ, ಪಾಕಿಸ್ತಾನವನ್ನು ಸೋಲಿಸಿ ಅಂಧರ ಮೊದಲ ಟಿ-೨೦ ವಿಶ್ವಕಪ್ ಗೆದ್ದಿತು. ೨೦೧೭ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ಅಲ್ಲಿನ ರಹಸ್ಯವೂ ಸರಳ: ಒಳಗೆ ಗುಂಡುಗಳನ್ನು ತುಂಬಿ ಸದ್ದು ಬರುವಂತೆ ಮಾಡಿದ ಪ್ಲಾಸ್ಟಿಕ್ ಚೆಂಡು, ನೆಲಕ್ಕೆ ಹತ್ತಿರವಾಗಿ ಕೆಳಗೈಯಿಂದ ಎಸೆಯುವ ಬೌಲಿಂಗ್. ೨೦೨೫ರ ನವೆಂಬರ್‌ನಲ್ಲಿ ಅಂಧ ಮಹಿಳೆಯರ ಮೊದಲ ಟಿ-೨೦ ವಿಶ್ವಕಪ್ಪನ್ನು ಕೊಲಂಬೊದಲ್ಲಿ ಎತ್ತಿ ಹಿಡಿದ ಭಾರತ ತಂಡದ ನಾಯಕಿ, ಕರ್ನಾಟಕದ ಪರ ಆಡುವ ದೀಪಿಕಾ ಟಿ.ಸಿ.

ಇನ್ನು ಕುಸ್ತಿಯ ಸೋದರ ವಿದ್ಯೆಯಾದ ಜೂಡೊ. ಪ್ಯಾರಾಲಿಂಪಿಕ್ಸ್‌ನಲ್ಲಿ ೧೯೮೦ ಮತ್ತು ೧೯೮೪ರಲ್ಲಿ ಕುಸ್ತಿಯೂ ಇತ್ತು. ೧೯೮೮ರ ಸೋಲ್ ಕೂಟದಿಂದ ಜೂಡೊ ಬಂದಿತು. ಅಲ್ಲಿ ಅದು ದೃಷ್ಟಿದೋಷವುಳ್ಳವರಿಗೆಂದೇ ಮೀಸಲಾದ ಕ್ರೀಡೆ. ಸ್ಪರ್ಧಿಗಳು ಪರಸ್ಪರರ ಅಂಗಿಯನ್ನು ಹಿಡಿದುಕೊಂಡ ಮೇಲೆಯೇ ಪಂದ್ಯದ ಆರಂಭ. ನನ್ನ ಹುಡುಗ ಹೇಳಿದ "ಹಿಡ್ಕೊಂಡ್ ಮೇಲೆ" ಎಂಬುದೇ ಅಲ್ಲಿನ ಕಾನೂನು! ಮಧ್ಯಪ್ರದೇಶದ ಸೀಹೋರ್‌ನ ಕಪಿಲ್ ಪರಮಾರ್, ಬಾಲ್ಯದಲ್ಲಿ ಹೊಲದ ಪಂಪಿನಿಂದ ವಿದ್ಯುದಾಘಾತಕ್ಕೆ ಸಿಲುಕಿದವರು, ಹೊಟ್ಟೆಪಾಡಿಗೆ ಚಹಾ ಮಾರಿದವರು. ೨೦೨೪ರ ಸೆಪ್ಟೆಂಬರ್ ೫ರಂದು ಪ್ಯಾರಿಸ್‌ನಲ್ಲಿ ಬ್ರೆಜಿಲ್‌ನ ಎದುರಾಳಿಯನ್ನು ೧೦-೦ ಅಂತರದಿಂದ ಕೆಡವಿ ಕಂಚು ಗೆದ್ದರು. ಜೂಡೊದಲ್ಲಿ ಭಾರತಕ್ಕೆ ಅದೇ ಮೊದಲ ಪ್ಯಾರಾಲಿಂಪಿಕ್ ಪದಕ. ಸೆಪ್ಟೆಂಬರ್ ೫, ಶಿಕ್ಷಕರ ದಿನಾಚರಣೆ. ಆ ದಿನ ಅದಕ್ಕಿಂತ ದೊಡ್ಡ ಪಾಠವನ್ನು ನಮಗೆ ಯಾರೂ ಕಲಿಸಲಿಲ್ಲ.

ಪದಕ ಬಂದಾಗ ನಾವು ಏನು ಮಾಡುತ್ತೇವೆಂಬುದು ಎಲ್ಲರಿಗೂ ಗೊತ್ತು. ಶಾಲು, ಹಾರ, ಹಣ್ಣಿನ ಬುಟ್ಟಿ, ಫ್ಲೆಕ್ಸು. "ಅಂಗವೈಕಲ್ಯವನ್ನು ಮೆಟ್ಟಿ ನಿಂತ ಸಾಧಕಿ" ಎಂಬ ಭಾಷಣ. ಅವರು ಮೆಟ್ಟಿ ನಿಂತದ್ದು ಅಂಗವೈಕಲ್ಯವನ್ನಲ್ಲ, ನಮ್ಮನ್ನು. ಪ್ರತಿ ಹೆಜ್ಜೆಯಲ್ಲಿಯೂ "ಬೇಡ, ಕೂತ್ಕೋ" ಎಂದ ನಮ್ಮನ್ನು ದಾಟಿ ಅವರು ಗುರಿ ಮುಟ್ಟಿದರು. ದಾಟಲಾಗದೆ ಕುಳಿತೇ ಉಳಿದವರ ಲೆಕ್ಕವನ್ನು ಯಾವ ಸನ್ಮಾನ ಸಭೆಯಲ್ಲಿಯೂ ಓದುವುದಿಲ್ಲ. ಎಂಟನೆಯ ತರಗತಿಯಲ್ಲಿ ವಿನಾಯಿತಿ ಪತ್ರ, ಇಪ್ಪತ್ತೈದನೆಯ ವಯಸ್ಸಿನಲ್ಲಿ ಸನ್ಮಾನ ಪತ್ರ: ಎರಡಕ್ಕೂ ಒಂದೇ ಕೈ ಸಹಿ ಹಾಕುತ್ತದೆ ಎಂಬುದೇ ನನ್ನ ತಕರಾರು.

ಇದು ಕೇವಲ ಔದಾರ್ಯದ ವಿಷಯವೂ ಅಲ್ಲ. ೨೦೧೬ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದ ೧೬ನೆಯ ಪ್ರಕರಣವು, ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳು ಅಂಗವಿಕಲ ಮಕ್ಕಳನ್ನು ತಾರತಮ್ಯವಿಲ್ಲದೆ ಸೇರಿಸಿಕೊಂಡು, ಶಿಕ್ಷಣದ ಜೊತೆಗೆ ಕ್ರೀಡೆ ಮತ್ತು ಮನರಂಜನೆಯ ಅವಕಾಶಗಳನ್ನೂ ಇತರರಿಗೆ ಸಮಾನವಾಗಿ ಒದಗಿಸಬೇಕೆಂದು ಹೇಳುತ್ತದೆ. ೩೦ನೆಯ ಪ್ರಕರಣವು ಕ್ರೀಡೆಗೆಂದೇ ಇದೆ. ಹೀಗಿರುವಾಗ "ಪೋಷಕರೇ ಬೇಡವೆಂದರು" ಎಂಬ ಸಹಿಯನ್ನು ಸಂಗ್ರಹಿಸುವುದು ಜಾಣತನವಿರಬಹುದು, ಶಿಕ್ಷಣವಂತೂ ಅಲ್ಲ.

ಶಾಲೆಯವರನ್ನು ಮಾತ್ರ ದೂರಿ ನಾನು ಕೈ ತೊಳೆದುಕೊಳ್ಳಲಾರೆ. ದೈಹಿಕ ಶಿಕ್ಷಕರ ಕಷ್ಟ ನನಗೆ ಗೊತ್ತು. ಒಬ್ಬನೇ ಮನುಷ್ಯ, ನೂರಾರು ಮಕ್ಕಳು, ಅಂಗೈಯಗಲದ ಅಂಗಳ. ಅಂಧ ಮಗುವಿಗೆ ಆಟ ಕಲಿಸುವ ಬಗೆಯನ್ನು ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಆದರೆ ನಾನು ಕೇಳುತ್ತಿರುವುದು ಪದಕವನ್ನಲ್ಲ. ಒಂದು ಚಾಪೆ, ಒಬ್ಬ ಜೊತೆಗಾರ ಅಥವಾ ಜೊತೆಗಾತಿ, ಬೆರಳು ತಾಗಿಸಿ ಆರಂಭಿಸುವ ನಿಯಮ. ಓಡುವುದಾದರೆ ಒಂದು ಗಜ ದಾರ. ಚೆಂಡಿನಾಟವಾದರೆ ಪ್ಲಾಸ್ಟಿಕ್ ಚೆಂಡಿನೊಳಗೆ ನಾಲ್ಕು ಗುಂಡು. ಇಷ್ಟನ್ನು ಒದಗಿಸಲಾಗದ ಶಾಲೆಗೆ ವಾರ್ಷಿಕೋತ್ಸವದ ಪೆಂಡಾಲು ಹಾಕಿಸುವ ಹಕ್ಕಾದರೂ ಎಲ್ಲಿಂದ ಬಂದಿತು?

ನನ್ನ ಆ ವಿದ್ಯಾರ್ಥಿ ಎಸ್ಸೆಸ್ಸೆಲ್ಸಿ ಮುಗಿಸಿ, ಕೆಲವು ಕಾಲ ಟೆಲಿಫೋನ್ ಬೂತ್ ನಡೆಸಿದ. ಮೊಬೈಲ್ ಬಂದು ಬೂತ್ ಮುಚ್ಚಿತು. ಕೊನೆಯ ಸಲ ಸಿಕ್ಕಾಗ ಮೈ ಊದಿಕೊಂಡಿತ್ತು; ಸಕ್ಕರೆ ಕಾಯಿಲೆ ಬಂದಿದೆ, ನಡೆದಾಡಲು ಭಯ ಸಾರ್ ಎಂದ. ಅವನು ಪೈಲ್ವಾನನಾಗುತ್ತಿದ್ದನೋ ಇಲ್ಲವೋ ನಾನರಿಯೆ. ನಡೆಯಲು ಹೆದರದ ಮನುಷ್ಯನಾಗಬಹುದಿತ್ತು. ಆಟದ ಅವಧಿಯಲ್ಲಿ ಅವನನ್ನು ಕೂರಿಸಿದವನು ನಾನು. ಆ ಲೆಕ್ಕವನ್ನು ಬೇರೆ ಯಾರ ಖಾತೆಗೂ ಬರೆಯಲಾರೆ.

ಹೋಟೆಲಿನಲ್ಲಿ ಆ ತಂದೆಯ ಕಾಗದವನ್ನು ತಿರುಗಿಸಿ, ಹಿಂಬದಿಯಲ್ಲಿ ಬೇರೆಯೇ ಒಕ್ಕಣೆ ಬರೆದುಕೊಟ್ಟೆ: "ನಮ್ಮ ಮಗಳನ್ನು ಉಳಿದೆಲ್ಲ ಮಕ್ಕಳಂತೆ ಆಟದ ಅವಧಿಗೆ ಕಳುಹಿಸಬೇಕೆಂದು ಕೋರುತ್ತೇವೆ. ಬೇಕಾದ ನೆರವಿಗೆ ನಾವೂ ಬರುತ್ತೇವೆ." ಅದರ ಕೆಳಗೆ ಅವರು ಸಹಿ ಹಾಕಿದರು. ನೆರವಿಗೆ ಬರುವವರ ಪೈಕಿ ನನ್ನ ಹೆಸರನ್ನೂ ಸೇರಿಸಿದ್ದೇನೆ. ವಾರಕ್ಕೆರಡು ದಿನ ದಾರದ ಇನ್ನೊಂದು ತುದಿ ಹಿಡಿದು ನಡೆಯುವಷ್ಟು ಶಕ್ತಿ ಈ ಮೊಣಕಾಲುಗಳಲ್ಲಿ ಇನ್ನೂ ಇದೆ. ಶಾಲೆಯಿಂದ ಉತ್ತರ ಬಂದ ದಿನ ಇಲ್ಲಿಯೇ ತಿಳಿಸುತ್ತೇನೆ.